ಭರಣಿಕಟ್ಟೆ ಇದ್ದ ಜಾಗ

ವೇದಿಕೆಯ ನಡುವೆ ಕುಳಿತಿರುವ ಹೋಬಳಿಯ ಮುಖ್ಯಾಧಿಕಾರಿಗಳೇ, ಅವರ ಬಲಕ್ಕಿರುವ ಹಿರಿಯರ ಸಂಘದ ಅಧ್ಯಕ್ಷರೇ, ಎಡಕ್ಕಿರುವ ಮಹಿಳಾ ಸಂಘದ ಅಧ್ಯಕ್ಷೆ, ನಮ್ಮ ಗೋಡೆಯಾಚೆಯ ಮನೆಯ ಬೊಂಗ್‌ನಿಮ್ ಅವರೇ, ಎದೆಗೆ ಕೆಂಪು ಕಾರ್ನೇಶನ್ ಹೂ ಚುಚ್ಚಿಸಿಕೊಂಡು ಮುಂದಿನ ಸಾಲುಗಳಲ್ಲಿ ಕುಳಿತಿರುವ ನನ್ನ ಓರಗೆಯ ತಾಯಂದಿರೇ, ತಂದೆಯಂದಿರೇ, ಊಟಕ್ಕೆ ಎಷ್ಟು ಹೊತ್ತಿಗೆ ಕರೆಯುತ್ತಾರೋ ಎಂದು ಹಿಂದಿನ ಬಾಗಿಲ ಕಡೆ ನೋಡುತ್ತಿರುವ ಉಳಿದ ಸಭಿಕರೇ,

ಪೋಷಕರ ದಿನದ ಈ ಸಮಾರಂಭದಲ್ಲಿ ಪ್ಯೋ ಸಂಗಾಪ್ ಎಂಬ ನನ್ನಂಥವನನ್ನು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಈ ಫಲಕವನ್ನು ನಮ್ಮ ಹೋಬಳಿಯಲ್ಲಿ ಇಷ್ಟು ವರ್ಷ ಕೊಡುತ್ತಾ ಬಂದದ್ದು ಆದರ್ಶ ಸೊಸೆಯರಿಗೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡ ಸೊಸೆಯರಿಗೆ. ಹಾಸಿಗೆ ಹಿಡಿದ ಹೆಂಡತಿಯನ್ನು ನೋಡಿಕೊಂಡ ಗಂಡನಿಗೆ ಕೊಡುತ್ತಿರುವುದು ಇದೇ ಮೊದಲು. ಫಲಕಕ್ಕೆ ಹೊಸ ಪೆಟ್ಟಿಗೆ ಮಾಡಿಸಲು ಸಮಯ ಸಾಲಲಿಲ್ಲವಂತೆ. ಆದ್ದರಿಂದ ಇದರ ಮುಚ್ಚಳದ ಮೇಲೆ ಬಂಗಾರದ ಬಣ್ಣದಲ್ಲಿ ‘ಆದರ್ಶ ಸೊಸೆ’ ಎಂದೇ ಇದೆ. ಬೆಳಿಗ್ಗೆ ಕ್ಷೌರದ ಅಂಗಡಿಯಲ್ಲಿ ನನ್ನ ಹಳೆಯ ಗೆಳೆಯರೊಬ್ಬರು ಕೇಳಿದರು: “ಏನಯ್ಯಾ ಸಂಗಾಪ್, ಮದುವಣಗಿತ್ತಿ ಥರ ಸಿಂಗಾರ ಆಗ್ತಿದೀಯ, ಅತ್ತೆಮನೇಲಿ ಎಲ್ರೂ ಚೆನ್ನಾಗಿ ನೋಡ್ಕೋತಾರಾ?” ಚೆನ್ನಾಗಿಯೇ ನೋಡಿಕೊಂಡರು. ನಿಮಗೆಲ್ಲ ನಾನು ಋಣಿ.

ನಾನು ಮಾತುಗಾರನಲ್ಲ. ಜೊಂಜು ಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಲು ಸೇರಿದ್ದೆ ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಡುವೆ ಅಪ್ಪ ತೀರಿಕೊಂಡರು, ಬಿಟ್ಟು ಬಂದೆ. ಹಾಗಾಗಿ ನನ್ನ ತಲೆಯಲ್ಲಿ ಉಳಿದಿರುವುದು ಅರ್ಧರ್ಧ ವಾಕ್ಯಗಳು. ‘ಇಫ್ ಐ ಹ್ಯಾಡ್ ನೋನ್’, ಅಂದರೆ ‘ನನಗೆ ಮೊದಲೇ ಗೊತ್ತಿದ್ದಿದ್ದರೆ’, ಎಂದು ಶುರುವಾಗುವ ಒಂದು ವಾಕ್ಯವಿತ್ತು, ಕರಿಹಲಗೆಯ ಉದ್ದಕ್ಕೂ ಬರೆದಿದ್ದರು. ಅದರ ಮುಂದಿನ ಭಾಗವನ್ನು ಕಲಿಸುವ ವಾರ ನಾನು ಊರಿನಲ್ಲಿ ಅಪ್ಪನ ಸಮಾಧಿಗೆ ಹುಲ್ಲು ಹೊದಿಸುತ್ತಿದ್ದೆ. ಆಮೇಲೆ ರಸ್ತೆ ಇಲಾಖೆ ಸೇರಿದೆ. ಇಳಿಜಾರು, ತಿರುವು, ಚರಂಡಿ, ಕಾಂಕ್ರೀಟು, ನಾನು ಬಲ್ಲದ್ದು ಇಷ್ಟೇ. ಈ ಭವನದ ಮುಂದಿನ ರಸ್ತೆ ನನ್ನದೇ. ಇವತ್ತಿಗೂ ಅದರ ಮೇಲೆ ನೀರು ನಿಲ್ಲುವುದಿಲ್ಲ, ಗಮನಿಸಿ.

ಸಂಘಟಕರು ನನಗೆ ಹೇಳಿದ್ದು ಒಂದೇ: “ಹೇರಿಮ್ ಅಪ್ಪಾ, ಧೈರ್ಯ ತುಂಬೋ ಹಾಗೆ ಎರಡು ಮಾತಾಡಿ ಸಾಕು.” ಹೇರಿಮ್ ನನ್ನ ಮಗಳು. ಧೈರ್ಯ ಯಾರಿಗೆ? ಮುಂದಿನ ಸಾಲಿನ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿರುವ ನಮ್ಮ ನಾಮ್‌ಗುಂಗ್ ಅಣ್ಣನಿಗೆ, ಅವರ ಪಕ್ಕದಲ್ಲಿರುವ ಅತ್ತಿಗೆಗೆ. ಈ ಸಲದ ಚಳಿಗಾಲದಲ್ಲಿ ಅಣ್ಣನಿಗೆ ಸ್ಟ್ರೋಕ್ ಆಯಿತು, ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ನನ್ನ ಹೆಂಡತಿ ಓಕ್‌ಬುನ್‌ಗೆ ಆದ ಹಾಗೆಯೇ ಬಲಭಾಗ ಸತ್ವ ಕಳೆದುಕೊಂಡಿದೆ, ಮಾತು ನಿಂತಿದೆ. ಸೋಮವಾರ ಅವರ ಹಿತ್ತಿಲಿಗೆ ಕಾಂಕ್ರೀಟಿನ ಲಾರಿ ಬರುತ್ತದೆ. ನಮ್ಮ ಮನೆಯಲ್ಲಿ ನಾನು ಕಟ್ಟಿದಂಥದೇ ನಡೆಯುವ ಅಭ್ಯಾಸದ ಇಳಿಜಾರು, ಎರಡೂ ಕಡೆ ಕಬ್ಬಿಣದ ಹಿಡಿಗಳು. ನಕ್ಷೆ ನಾನೇ ಹಾಕಿಕೊಟ್ಟದ್ದು. ಅತ್ತಿಗೆ ನಿನ್ನೆ ನಮ್ಮ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತು, “ಇವ್ರು ನಡೀತಾರಾ ಹೇಳಿ, ನೀವು ಹೇಳಿದ್ರೆ ನಂಬ್ತೀನಿ” ಎಂದರು. ನಡೆಯುತ್ತಾರೆ ಎಂದೆ. ಅದರಲ್ಲಿ ಸುಳ್ಳೇನಿಲ್ಲ. ನಮ್ಮ ಓಕ್‌ಬುನ್ ನಡೆದಳು. ಅದನ್ನೇ ಇವತ್ತು ನಿಮಗೆ ಹೇಳಬೇಕಾಗಿದೆ.

ನನ್ನ ಹೆಂಡತಿ ತಾಕ್ ಓಕ್‌ಬುನ್ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಮ್ಮಮ್ಮ ಅವಳ ಕೈಗೆ ಕೊಟ್ಟದ್ದು ಬೀಗದ ಕೈಯನ್ನಲ್ಲ, ಭರಣಿಕಟ್ಟೆಯನ್ನು. ನಿಮ್ಮೆಲ್ಲರ ಮನೆಯ ಹಿಂದೆ ಇರುವಂಥದೇ. ಮನೆಯ ಜಾಗದಲ್ಲೆಲ್ಲ ಅತಿ ಹೆಚ್ಚು ಬಿಸಿಲು ಬೀಳುವ, ಗಾಳಿ ಆಡುವ ಸಮತಟ್ಟು ಕಟ್ಟೆ. ಅದರ ಮೇಲೆ ಸಾಲಾಗಿ ಮಣ್ಣಿನ ಭರಣಿಗಳು, ಅವುಗಳಲ್ಲಿ ಉಪ್ಪುನೀರಿನಲ್ಲಿ ಹುದುಗಿಸಿದ ಸೋಯಾ ಕಾಳಿನ ರಸ, ವರ್ಷವಿಡೀ ಅಡುಗೆಗೆ ರುಚಿ ಅದರದೇ. ಎಲ್ಲಕ್ಕಿಂತ ದೊಡ್ಡ ಭರಣಿಯಲ್ಲಿದ್ದದ್ದು ನಮ್ಮ ಅಜ್ಜಿಯ ಕಾಲದಿಂದ ಬಂದ ರಸ. ಪ್ರತಿ ವರ್ಷ ಹೊಸದನ್ನು ಹಳೆಯದಕ್ಕೆ ಕೂಡಿಸುತ್ತಾ ಬಂದು ಅದು ಡಾಂಬರಿನಷ್ಟು ಕಪ್ಪಾಗಿತ್ತು, ತಳದಲ್ಲಿ ಉಪ್ಪು ಹರಳುಗಟ್ಟಿತ್ತು. ಡಾಂಬರು ಎಂದದ್ದಕ್ಕೆ ಕ್ಷಮಿಸಿ. ನನಗೆ ಗೊತ್ತಿರುವ ಹೋಲಿಕೆ ಅದೇ.

ಬೆಳಿಗ್ಗೆ ಬಿಸಿಲಿಗೆ ಮುಚ್ಚಳ ತೆರೆಯಬೇಕು, ಸಂಜೆ ಮುಚ್ಚಬೇಕು. ಮಳೆ ಬಂದರೆ ಬೀಳುವ ಮುಂಚೆಯೇ ಮುಚ್ಚಬೇಕು, ಒಂದು ಹನಿ ಒಳಗೆ ಬಿದ್ದರೂ ವರ್ಷದ ರಸ ಕೆಟ್ಟಿತು. ಇದನ್ನು ನಾನು ನಿಮಗೆ ಹೇಳುವುದೆಂದರೆ ಮೀನಿಗೆ ಈಜು ಹೇಳಿಕೊಟ್ಟಂತೆ. ಹೇರಿಮ್ ತೊಟ್ಟಿಲಲ್ಲಿದ್ದಾಗ ಒಂದು ದಿನ ಓಕ್‌ಬುನ್ ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಆಕಾಶ ಕಪ್ಪಾಯಿತು. ನಮ್ಮಮ್ಮ ಒಳಗಿನಿಂದ ಕೂಗಿದರು: “ಮಗು ಅತ್ರೆ ಅಳ್ಲಿ ಕಣೇ, ಮೊದ್ಲು ಭರಣಿ ಮುಚ್ಚು.” ಅವಳು ಮಗುವನ್ನು ನನ್ನ ತೊಡೆಯ ಮೇಲೆ ಎಸೆದಂತೆ ಇಟ್ಟು ಬರಿಗಾಲಲ್ಲಿ ಓಡಿದಳು. ನೆನೆದು ಬಂದವಳನ್ನು ನೋಡಿ ನಾನು, ಇಷ್ಟು ಅವಸರವೇಕೆ ಎಂದು ನಕ್ಕೆ. “ನಿಮ್ಗೇನ್ರೀ,” ಎಂದಳು, “ರಸ್ತೆಗೆ ಮುಚ್ಚಳ ಇರಲ್ವಲ್ಲ.”

ಅವಳು ಹೀಗೆಯೇ ಮಾತಾಡುತ್ತಿದ್ದವಳು. ಚುರುಕು ನಾಲಿಗೆ. ಸಂತೆಯಲ್ಲಿ ಮೀನಿನವಳು ಇವಳನ್ನು ಕಂಡರೆ ಮೊದಲೇ ಬೆಲೆ ಇಳಿಸುತ್ತಿದ್ದಳು. ಆ ನಾಲಿಗೆಯೇ ಹೋಯಿತು.

ಶರತ್ಕಾಲದ ಒಂದು ಸಂಜೆ ಅವಳು ಬಿದ್ದದ್ದು ಆ ಕಟ್ಟೆಯ ಮೇಲೆಯೇ. ದೊಡ್ಡ ಭರಣಿಯ ಮುಚ್ಚಳ ಕೈಯಲ್ಲಿತ್ತು. ಮುಚ್ಚಳಕ್ಕೆ ಒಂದು ಚೂರೂ ಏಟಾಗಲಿಲ್ಲ, ಬೀಳುವಾಗಲೂ ಅದನ್ನು ಎದೆಗೆ ಅವುಚಿಕೊಂಡಿದ್ದಳು. ಪಟ್ಟಣದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡರು. ಕುಳ್ಳಿರಿಸಿದರು, ನಿಲ್ಲಿಸಿದರು. ಆಮೇಲೆ ವೈದ್ಯರು ನನ್ನನ್ನು ಕರೆದು, ಪೇಷಂಟ್ ಪ್ಲಾಟೋ ತಲುಪಿದ್ದಾರೆ ಎಂದರು. ನನಗೆ ಆ ಪದ ಗೊತ್ತಿತ್ತು. ಪ್ಲಾಟೋ ಎಂದರೆ ಪ್ರಸ್ಥಭೂಮಿ, ಎತ್ತರದಲ್ಲಿರುವ ಸಮತಟ್ಟು ನೆಲ. ರಸ್ತೆ ಇಲಾಖೆಯವನಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ? ನಾನು ವೈದ್ಯರ ಕೈ ಹಿಡಿದು ಥ್ಯಾಂಕ್ಯೂ ಎಂದೆ. ಇನ್ನು ಮುಂದೆ ಸುಧಾರಣೆ ಆಗುವುದಿಲ್ಲ ಎಂದು ಅದರ ಅರ್ಥ ಎಂಬುದನ್ನು ನನ್ನ ಮಗಳು ಮೊಗಸಾಲೆಯಲ್ಲಿ ನಿಂತು ಬಿಡಿಸಿ ಹೇಳಬೇಕಾಯಿತು.

ನಾನು ಒಪ್ಪಲಿಲ್ಲ. ಒಪ್ಪಬೇಕಿತ್ತೆ, ನೀವೇ ಹೇಳಿ. ಅವಳನ್ನು ಮನೆಗೆ ಕರೆತರುವ ಮುಂಚೆ ಮನೆಯನ್ನು ಸಿದ್ಧಮಾಡಿದೆ. ನಡೆಯುವ ಅಭ್ಯಾಸಕ್ಕೆ ಒಂದು ಜಾಗ ಬೇಕು. ಆ ಜಾಗ ಸಮತಟ್ಟಾಗಿರಬೇಕು, ಚಳಿಗಾಲದಲ್ಲಿ ಹಿಮ ಬೇಗ ಕರಗಬೇಕು, ಬಿಸಿಲು ಬೀಳಬೇಕು. ಇಡೀ ಮನೆಯನ್ನು ಅಳೆದು ನೋಡಿದೆ. ಅಂಥ ಜಾಗ ಒಂದೇ. ಮೇಲಾಗಿ ಅವಳನ್ನು ಬೀಳಿಸಿದ ಕಟ್ಟೆ ಅದು. ಅದರ ಚೂಪಾದ ಕಲ್ಲಿನ ಅಂಚುಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಮೇಲಾಗಿ ವೈದ್ಯರು ಉಪ್ಪು ವಿಷ ಎಂದಿದ್ದರು, ಬೆರಳು ಎತ್ತಿ ಹೇಳಿದ್ದರು. ಮನೆಯ ಹಿಂದೆ ಅಷ್ಟು ಭರಣಿ ತುಂಬ ವಿಷ ಇಟ್ಟುಕೊಂಡು ನಾನು ಅವಳನ್ನು ಕರೆತರಲೆ?

ಭರಣಿಗಳನ್ನು ಹಂಚಿದೆ. ಇಲ್ಲಿ ಕುಳಿತಿರುವ ಎಷ್ಟೋ ತಾಯಂದಿರು ಕೈಗಾಡಿ ತಂದು ಒಯ್ದಿರಿ, ನೆನಪಿರಬಹುದು. ಹೊಸ ರಸವನ್ನು ಸೀಸೆಗಳಲ್ಲಿ ತುಂಬಿಕೊಂಡು ಹೋದಿರಿ. ದೊಡ್ಡ ಭರಣಿಯ ತಳದ ಕರಿ ರಸವನ್ನು ಮಾತ್ರ ಯಾರೂ ಕೇಳಲಿಲ್ಲ. ಬೇರೆ ಮನೆಯ ಹಿರಿಯರ ರಸವನ್ನು ಯಾರು ತಾನೆ ಒಯ್ಯುತ್ತಾರೆ? ಅದನ್ನು ಚರಂಡಿಗೆ ಸುರಿದೆ. ಖಾಲಿ ಭರಣಿಯನ್ನು ಬೊಂಗ್‌ನಿಮ್ ಅವರು ತಮ್ಮ ಅಂಗಳಕ್ಕೆ ಉರುಳಿಸಿಕೊಂಡು ಹೋದರು. “ಮುಚ್ಚಳ ನಂಗ್ಯಾಕೆ ಹೇರಿಮ್ ಅಪ್ಪಾ, ನಾನು ಗೌರಿ ಹೂವಿನ ಗಿಡ ಹಾಕ್ತೀನಿ” ಎಂದರು. ಮುಚ್ಚಳ ನನ್ನಲ್ಲೇ ಉಳಿಯಿತು.

ಕಟ್ಟೆ ಒಡೆಸಿ ಅದೇ ಜಾಗದಲ್ಲಿ ಕಾಂಕ್ರೀಟು ಹಾಕಿಸಿದ ಇಳಿಜಾರು ಅಚ್ಚುಕಟ್ಟಾಗಿ ಬಂತು. ಪಕ್ಕದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಸ್ಟೆಪ್ ಬೈ ಸ್ಟೆಪ್’ ಎಂದು ನಾನೇ ಬರೆದೆ. ಓಕ್‌ಬುನ್ ಮನೆಗೆ ಬಂದ ದಿನ ಹೋಬಳಿ ಕಚೇರಿಯಿಂದ ಜನ ಬಂದಿದ್ದರು, ಫೋಟೋದವರು ಬಂದಿದ್ದರು. ಗಾಲಿಕುರ್ಚಿಯನ್ನು ಮುಂಬಾಗಿಲಿನಿಂದ ಒಳಗೆ ತಾರದೆ ನೇರ ಹಿತ್ತಿಲಿಗೇ ತಳ್ಳಿಕೊಂಡು ಹೋದೆ. ಅವಳು ನೋಡಿದಳು. ಚರಂಡಿಯಲ್ಲಿ ಆ ವಾಸನೆ ಇನ್ನೂ ಇತ್ತು, ಎಷ್ಟು ನೀರು ಹೊಯ್ದರೂ ಹೋಗಿರಲಿಲ್ಲ. ಮೂಗು ಅರಳಿಸಿ ಆ ಕಡೆ ತಿರುಗಿದಳು. ಆಮೇಲೆ ಅವಳಿಂದ ಒಂದು ಸದ್ದು ಬಂತು, ನಾನು ಅಲ್ಲಿಯವರೆಗೆ ಯಾವ ಮನುಷ್ಯರ ಬಾಯಲ್ಲೂ ಕೇಳಿರದ ಸದ್ದು. ಕಣ್ಣಲ್ಲಿ ಧಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟ್ರೋಕ್ ಆದವರು ಕಾರಣವಿಲ್ಲದೆ ಅಳುತ್ತಾರೆ, ಮೆದುಳಿನ ತಂತಿ ಹಾಗೆ ತುಂಡಾಗಿರುತ್ತದೆ, ಅದಕ್ಕೆ ಅರ್ಥ ಹುಡುಕಬೇಡಿ ಎಂದು ಆಸ್ಪತ್ರೆಯಲ್ಲಿ ನನಗೆ ತಿಳಿಸಿ ಕಳಿಸಿದ್ದರು. ನಾನು ಅರ್ಥ ಹುಡುಕಲಿಲ್ಲ. ಹೇಳಿದ್ದನ್ನು ಪಾಲಿಸುವ ಮನುಷ್ಯ ನಾನು.

ಮಾನ್ಯರೇ, ಹೆಂಡತಿಯ ಆರೈಕೆ ಎಂದರೆ ಏನೆಂದು ಹೇಳಲಿ? ನೀರಿಗೆ ಗಂಜಿಪುಡಿ ಕದಡಿ ಮಂದ ಮಾಡಿ ಚಮಚದಲ್ಲಿ ಕುಡಿಸುವುದು, ತೆಳ್ಳಗಿದ್ದರೆ ನೆತ್ತಿಗೇರುತ್ತದೆ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಕಾಲಿಗೆ ಪಟ್ಟಿ ಕಟ್ಟುವುದು. ಮಡಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು, ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಳ್ಳುವುದು. ತಲೆ ಬಾಚುವುದನ್ನು ಕಲಿತೆ. ಅನ್ನ ಬೇಯಿಸುವುದನ್ನು ಕಲಿತೆ. ಅಡುಗೆಮನೆಗೆ ಕಾಲಿಟ್ಟರೆ ನಮ್ಮಮ್ಮ ಸೌಟಿನಿಂದ ಅಟ್ಟುತ್ತಿದ್ದ ಮನುಷ್ಯ ನಾನು, ಉಪ್ಪಿಲ್ಲದ ಸಾರು ಮಾಡುವುದರಲ್ಲಿ ಪ್ರವೀಣನಾದೆ. ಅವಳು ಬಾಯಿ ಬಿಗಿದುಕೊಳ್ಳುತ್ತಿದ್ದಳು. “ತಿನ್ನು, ತಿಂದ್ರೆ ತಾನೆ ನಡಿಯೋದು” ಎನ್ನುತ್ತಿದ್ದೆ.

ದೊಡ್ಡ ಭರಣಿಯ ಆ ಮುಚ್ಚಳವೂ ಉಪಯೋಗಕ್ಕೆ ಬಂತು. ಬೋಗುಣಿಯಷ್ಟು ಆಳವಿತ್ತಲ್ಲ, ಅದನ್ನು ಮಗುಚಿ ಇಟ್ಟು ಬಿಸಿನೀರು ತುಂಬಿ ಬೆಳಿಗ್ಗೆ ಅವಳ ಬಲಗೈಯನ್ನು ಅದರಲ್ಲಿ ನೆನೆಸುತ್ತಿದ್ದೆ. ಅವಳು ಆಡುವ ಎಡಗೈಯಿಂದ ಅದರ ಅಂಚು ಹಿಡಿದು ತಿರುಗಿಸಿ ಹಾಕುವಳು. ನೀರೆಲ್ಲ ಹಾಸಿಗೆಗೆ. “ಯಾಕೇ ಚೆಲ್ತೀಯ, ನಿನ್ನ ಕೈಗೇ ಅಲ್ವೇನೇ ಮಾಡ್ತಿರೋದು” ಎಂದು ಗದರುತ್ತಿದ್ದೆ. ಮತ್ತೆ ತುಂಬಿದರೆ ಮತ್ತೆ ಮಗುಚುವಳು. ಬುದ್ಧಿಗೂ ಏಟಾಗಿದೆ ಎಂದುಕೊಂಡೆ. ಕೊನೆಗೆ ಮಗುಚಲಾಗದಂಥ ಭಾರದ ಸ್ಟೀಲ್ ಪಾತ್ರೆ ತಂದೆ. ಮುಚ್ಚಳವನ್ನು ಕೊಟ್ಟಿಗೆಯಲ್ಲಿಟ್ಟೆ.

ಆರೋಗ್ಯ ಕೇಂದ್ರದಿಂದ ವ್ಯಾಯಾಮ ಮಾಡಿಸುವ ಹುಡುಗಿ ಬರುತ್ತಿದ್ದಳು. ಒಂದು ದಿನ ಚಿತ್ರದ ಕಾರ್ಡುಗಳನ್ನು ಹರಡಿ, “ಅಜ್ಜೀ, ನೀವು ಎಲ್ಲಿಗೆ ನಡ್ಕೊಂಡು ಹೋಗ್ಬೇಕು? ತೋರ್ಸಿ ನೋಡೋಣ” ಎಂದಳು. ಬಚ್ಚಲು, ಸಂತೆ, ಬುದ್ಧನ ಗುಡಿ, ಮಗಳ ಮನೆ. ಓಕ್‌ಬುನ್ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಹಿತ್ತಿಲ ಕಿಟಕಿಯ ಕಡೆ ಕೈ ಮಾಡಿದಳು. ಬೆಳಕು ಕಣ್ಣು ಕುಕ್ಕುತ್ತಿರಬೇಕೆಂದು ನಾನು ಎದ್ದು ಪರದೆ ಎಳೆದೆ. ಆ ಹುಡುಗಿಯೂ, ಹೌದು, ಈ ರೋಗಿಗಳಿಗೆ ಬೆಳಕು ಆಗಿಬರುವುದಿಲ್ಲ ಎಂದಳು. ನಾವಿಬ್ಬರೂ ಅವಳ ಒಳ್ಳೆಯದಕ್ಕೇ ನೋಡಿದ್ದು.

ಮೋಡ ಕವಿದ ದಿನ ಅವಳಿಗೆ ಏನೋ ಆಗುತ್ತಿತ್ತು. ಕುರ್ಚಿಯಲ್ಲಿ ಮೈ ಕೊಸರಾಡುವಳು, ಎಡಗೈ ಅಗಲಿಸಿ ಗಾಳಿಯಲ್ಲಿ ಏನನ್ನೋ ಹಿಡಿದು ಇಳಿಸುವಳು, ಮತ್ತೆ ಇನ್ನೊಂದು ಹಿಡಿದು ಇಳಿಸುವಳು. ಒಳ್ಳೆಯ ವ್ಯಾಯಾಮ, ವೆರಿ ಗುಡ್ ಎಂದು ಹೊಗಳಿ ಆ ಕೈಗೊಂದು ರಬ್ಬರ್ ಚೆಂಡು ಕೊಟ್ಟೆ.

ಕಿಟಕಿ ಕಡೆ ಯಾಕೆ ನೋಡುತ್ತಿದ್ದೀರಿ? ಮಬ್ಬಾಗಿದೆಯೆ? ಇರಲಿ, ಇನ್ನು ಬಹಳ ಹೊತ್ತು ಹಿಡಿಯುವುದಿಲ್ಲ.

ದಿನವೂ ಇಳಿಜಾರಿನ ಮೇಲೆ ನಿಲ್ಲಿಸುತ್ತಿದ್ದೆ. ಅವಳು ನಿಲ್ಲುವಳು, ಮುಂದೆ ಕಾಲಿಡಳು. ಕಾಂಕ್ರೀಟನ್ನೇ ನೋಡುತ್ತ ನಿಂತುಬಿಡುವಳು. ಸೊಂಟಕ್ಕೆ ಬಟ್ಟೆ ಕಟ್ಟಿ ಹಿಂದಿನಿಂದ ಹಿಡಿದು ನಾನೇ ಅವಳ ಕಾಲನ್ನು ನನ್ನ ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದೆ. ಹೇರಿಮ್ ಫೋನಿನಲ್ಲಿ ಹೇಳುತ್ತಿದ್ದಳು: “ಅಪ್ಪಾ, ಅಮ್ಮನ್ನ ಒಂದಿನಾ ಸುಮ್ನೆ ಕೂರಕ್ಕೆ ಬಿಡಿ.” ನಾನೆಂದೆ, “ಕೂತ್ರೆ ಕೂತೇ ಬಿಡ್ತಾಳೆ ಕಣಮ್ಮ.” “ಅಮ್ಮಂಗೆ ಏನ್ ಬೇಕು ಅಂತ ಕೇಳಿದೀರಾ?” “ಮಾತೇ ಬರ್ದಿರೋಳ್ನ ಏನಂತ ಕೇಳ್ಲಿ?”

ಆದರೆ ಓಕ್‌ಬುನ್ ನಡೆದಳು. ಪತ್ರಿಕೆಯಲ್ಲಿ ನೀವೆಲ್ಲ ನೋಡಿದ್ದೀರಿ. ಮನೆಗೆ ಬಂದು ಕೆಲವು ವರ್ಷ ಕಳೆದಿದ್ದವು. ಮಳೆಗಾಲದ ಆರಂಭದ ಒಂದು ಮಧ್ಯಾಹ್ನ. ಇಳಿಜಾರಿನ ತುದಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೆಟ್ಟದ ಕಡೆಯಿಂದ ಒಮ್ಮೆಗೇ ಕತ್ತಲಾಯಿತು. ತಿರುಗಿ ನೋಡುತ್ತೇನೆ, ಅವಳು ಎದ್ದು ನಿಂತಿದ್ದಾಳೆ. ನಾಲ್ಕು ಕಾಲಿನ ಊರುಗೋಲನ್ನು ಎಡಗೈಯಲ್ಲಿ ಹಿಡಿದು, ಬಲಗಾಲನ್ನು ಎಳೆಯುತ್ತ, ಇಳಿಜಾರು ಇಳಿದಳು. ಹಿತ್ತಿಲ ಗೇಟನ್ನು ಭುಜದಿಂದ ತಳ್ಳಿದಳು. ಓಣಿಗೆ ಬಂದಳು. ನಾನು ಹಿಡಿಯಲಿಲ್ಲ. ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಹಿಂದೆ ಹಿಂದೆ ನಡೆದೆ, ಸ್ಟೆಪ್ ಬೈ ಸ್ಟೆಪ್, ಸ್ಟೆಪ್ ಬೈ ಸ್ಟೆಪ್ ಎನ್ನುತ್ತಿದ್ದೆ. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ರಸ್ತೆಯನ್ನು ನಾನು ಕಂಡಿಲ್ಲ.

ಗೋಡೆ ಸುತ್ತಿ ಬೊಂಗ್‌ನಿಮ್ ಅವರ ಅಂಗಳಕ್ಕೆ ಹೋದಳು. ಇವರು ಬಾಗಿಲಿಗೆ ಬಂದು ಬಾಯಿ ಮೇಲೆ ಕೈಯಿಟ್ಟರು. “ಅಯ್ಯೋ, ಹೇರಿಮ್ ಅಮ್ಮ ನಮ್ಮನೇಗ್ ನಡ್ಕೊಂಡ್ ಬಂದ್ಲು, ಬನ್ರೇ ಎಲ್ರೂ” ಎಂದು ಓಣಿಯನ್ನೆಲ್ಲ ಕರೆದರು. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಅಲ್ಲಿದ್ದಿರಿ. ಮಳೆ ಶುರುವಾಗಿತ್ತು, ಕೊಡೆ ಹಿಡಿದು ಬಂದಿದ್ದಿರಿ. ಗೆಳತಿಯನ್ನು ನೋಡಲು ಇಷ್ಟು ದೂರ ನಡೆದು ಬಂದಳಲ್ಲ ಎಂದು ಬೊಂಗ್‌ನಿಮ್ ತೋಳು ಚಾಚಿ ನಿಂತಿದ್ದರು. ಓಕ್‌ಬುನ್ ಅವರನ್ನು ದಾಟಿಕೊಂಡು ಹೋದಳು. ಗೋಡೆಯ ಮೂಲೆಯಲ್ಲಿ ದೊಡ್ಡ ಭರಣಿ ಇತ್ತು, ಬಾಯಿ ತುಂಬ ಮಣ್ಣು, ಗೌರಿ ಹೂವಿನ ಗಿಡಗಳು ಕೆಂಪಗೆ ಅರಳಿದ್ದವು. ಊರುಗೋಲು ಬಿಟ್ಟಳು, ಭರಣಿಯ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಂತಳು. ಹೂವಿನ ಗಿಡವೊಂದನ್ನು ಕಿತ್ತಳು. ಮಣ್ಣಿಗೆ ಬೆರಳು ಹಾಕಿ ಕೆದಕಿ, ಬೆರಳನ್ನು ಬಾಯಲ್ಲಿಟ್ಟು ನೋಡಿದಳು. ಆಮೇಲೆ ಎಡಗೈಯನ್ನು ಆದಷ್ಟು ಅಗಲಿಸಿ ಭರಣಿಯ ಬಾಯಿಗೆ ಅಡ್ಡ ಹಿಡಿದಳು. ಒಂದು ಕೈ, ಅಷ್ಟು ಅಗಲದ ಬಾಯಿ. ಮಳೆ ಬೀಳುತ್ತಲೇ ಇತ್ತು. ನಾವೆಲ್ಲ ಚಪ್ಪಾಳೆ ತಟ್ಟುತ್ತಲೇ ಇದ್ದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು, ಬಟ್ಟೆಯ ಗಂಟು ಕೆಸರಿಗೆ ಬಿದ್ದದ್ದು ಕೂಡ ತಿಳಿಯಲಿಲ್ಲ.

ಅವಳು ಭರಣಿಗೆ ಒರಗಿ ಜಾರಿ ನೆಲಕ್ಕೆ ಕುಳಿತಳು. ಬೆನ್ನ ಮೇಲೆ ಹೊತ್ತು ಮನೆಗೆ ತಂದೆ.

ಪತ್ರಿಕೆಯ ಫೋಟೋದ ಕೆಳಗೆ, ಸ್ನೇಹದ ಸೆಳೆತ ಕಾಲಿಗೆ ಬಲ ತಂದಿತು ಎಂದು ಹಾಕಿದ್ದರು. ಹೌದು, ಸ್ನೇಹವೇ. ಬೊಂಗ್‌ನಿಮ್ ಮತ್ತು ಅವಳು ಒಂದೇ ವಸಂತದಲ್ಲಿ ಈ ಓಣಿಗೆ ಸೊಸೆಯಂದಿರಾಗಿ ಬಂದವರು. ಅವರನ್ನು ನೋಡಲೆಂದೇ ಹೋದದ್ದು. ಇಲ್ಲವಾದರೆ ಮತ್ತೇಕೆ ಹೋಗುತ್ತಾಳೆ?

ಅದಾದ ಮೇಲೆ ಅವಳು ನಡೆಯಲಿಲ್ಲ. ನಡೆಯುವುದಿರಲಿ, ಎದ್ದು ನಿಲ್ಲಲಿಲ್ಲ. ಸೊಂಟಕ್ಕೆ ಬಟ್ಟೆ ಕಟ್ಟಿ ಎತ್ತಿದರೆ ಒದ್ದೆ ಅಕ್ಕಿ ಚೀಲದಂತೆ ನನ್ನ ಮೇಲೆಯೇ ಕುಸಿಯುತ್ತಿದ್ದಳು. ಪಟ್ಟಣಕ್ಕೆ ಕರೆದುಕೊಂಡು ಹೋದೆ. ಮತ್ತೊಂದು ಸ್ಟ್ರೋಕ್ ಆಗಿರಬೇಕು ನೋಡಿ ಎಂದೆ. ತಲೆಯ ಚಿತ್ರ ತೆಗೆದರು. ಹೊಸದೇನೂ ಆಗಿಲ್ಲ ಎಂದರು. ಇದು ಮೋಟಿವೇಶನ್ ಪ್ರಶ್ನೆ ಎಂದರು. ಕಾಲೇಜಿನಲ್ಲಿ ಆ ಪದ ಬಂದಿತ್ತೋ ಇಲ್ಲವೋ ನೆನಪಿಲ್ಲ. ಬಸ್ಸಿನಲ್ಲಿ ಬರುವಾಗ ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಬಂದೆ, ಔಷಧಿಯ ಹೆಸರು ಮರೆಯಬಾರದೆಂದು ಹೇಳಿಕೊಳ್ಳುವ ಹಾಗೆ.

ಮೋಡ ಕವಿದರೆ ಆಮೇಲೆ ಅವಳ ಕೈ ಆಡುತ್ತಿರಲಿಲ್ಲ. ಗುಡುಗಿದರೂ ಗೋಡೆಯ ಕಡೆ ಮುಖ ಮಾಡಿ ಮಲಗಿರುವಳು. ಅದನ್ನು ಶಾಂತಿ ಎಂದುಕೊಂಡೆ. ಹಾಗೆಯೇ ವರ್ಷಗಳು ಹೋದವು. ಹೋದ ಚಳಿಗಾಲದಲ್ಲಿ ಗಂಜಿಯ ಚಮಚಕ್ಕೆ ಬಾಯಿ ತೆರೆಯುವುದನ್ನು ನಿಲ್ಲಿಸಿದಳು. ಅಂತ್ಯಕ್ರಿಯೆಗೆ ನೀವೆಲ್ಲ ಬಂದಿರಿ. ಬೊಂಗ್‌ನಿಮ್ ನನ್ನ ತೋಳು ಹಿಡಿದುಕೊಂಡು, “ಹೇರಿಮ್ ಅಪ್ಪಾ, ಅವತ್ತು ಅವ್ಳು...” ಎಂದು ಏನೋ ಹೇಳಲು ಶುರುಮಾಡಿದರು. ನಾನು, ಬಂದವರಿಗೆ ಊಟ ಹಾಕಿದ್ದೀರಾ ನೋಡಿ ಎಂದೆ. ಅವರು ಹೋಗಿ ನೋಡಿದರು. ಆಮೇಲೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ತಲೆ ತಗ್ಗಿಸಬೇಡಿ ಬೊಂಗ್‌ನಿಮ್, ನಾನು ನಿಮ್ಮನ್ನು ಹೊಗಳುತ್ತಿದ್ದೇನೆ. ಈ ಫಲಕಕ್ಕೆ ನನ್ನ ಹೆಸರು ಸೂಚಿಸಿದವರು ನೀವಲ್ಲವೆ.

ಎಲ್ಲಿದ್ದೆ? ಧೈರ್ಯ. ನಾಮ್‌ಗುಂಗ್ ಅಣ್ಣ, ನಿಮಗೆ ಧೈರ್ಯ ಹೇಳಬೇಕು. ಸೋಮವಾರ ಲಾರಿ ಬರುತ್ತದೆ. ನಿಮ್ಮ ಹಿತ್ತಿಲನ್ನು ನಾನೇ ಅಳೆದಿದ್ದೇನೆ. ಬಿಸಿಲು ಬೀಳುವ, ಹಿಮ ಬೇಗ ಕರಗುವ ಜಾಗ ಅಲ್ಲಿಯೂ ಒಂದೇ, ದಕ್ಷಿಣದ ಗೋಡೆಯ ಬುಡ. ಅಲ್ಲಿ ನಿಮ್ಮ ಜೇನುಪೆಟ್ಟಿಗೆಗಳಿವೆ. ಕಾಯಿಲೆಯವರ ಹತ್ತಿರ ಜೇನು ಯಾಕೆ, ಕಚ್ಚೀತು ಎಂದು ಎಲ್ಲರೂ ಸೇರಿ ಅವನ್ನು ಬೆಟ್ಟದಾಚೆ ನಿಮ್ಮ ತಮ್ಮನ ಮನೆಗೆ ಸಾಗಿಸುವುದಾಗಿ ತೀರ್ಮಾನವಾಗಿದೆ. ಸರಿಯಾದ ತೀರ್ಮಾನವೇ. ನನ್ನ ನಕ್ಷೆಯೂ ಸರಿಯಾಗಿದೆ, ಇಳಿಜಾರು ಎಷ್ಟಿರಬೇಕೋ ಅಷ್ಟಿದೆ, ನೀರು ಎಲ್ಲಿಯೂ ನಿಲ್ಲುವುದಿಲ್ಲ. ಅದರ ಮೇಲೆ ಯಾರು ಬೇಕಾದರೂ ನಡೆಯಬಹುದು.

ಅತ್ತಿಗೆ, ಒಂದು ಮಾತು. ಲಾರಿ ಬರುವ ಮುಂಚೆ ಒಂದು ಬೆಳಿಗ್ಗೆ ಅಣ್ಣನ ಕುರ್ಚಿಯನ್ನು ಹಿತ್ತಿಲ ಬಾಗಿಲಿಗೆ ತಂದು ನಿಲ್ಲಿಸಿ. ಪರದೆ ಎಳೆಯಬೇಡಿ. ಕೈಗೆ ಚೆಂಡು ಕೊಡಬೇಡಿ. ಅತ್ತರೆ ಅಳಲಿ, ಅದಕ್ಕೆ ಅರ್ಥವಿಲ್ಲ ಎಂದು ಯಾರು ಹೇಳಿದರೂ ಒಂದು ಗಳಿಗೆ ಅಲ್ಲೇ ನಿಂತು ಅವರು ಎತ್ತ ನೋಡುತ್ತಾರೆ ಎಂಬುದನ್ನು ನೀವೂ ನೋಡಿ. ಅದರಿಂದ ಏನಾದೀತು ಎಂದು ನನ್ನನ್ನು ಕೇಳಬೇಡಿ. ಪೆಟ್ಟಿಗೆಗಳು ಅಲ್ಲೇ ಇದ್ದರೆ ಅಣ್ಣ ನಡೆಯುತ್ತಾರೆಯೆ? ನನಗೆ ಗೊತ್ತಿಲ್ಲ. ಬಹುಶಃ ನಡೆಯಲಿಕ್ಕಿಲ್ಲ. ಇಳಿಜಾರಿನ ಮೇಲೆ ನಡೆದವಳನ್ನು ಕಂಡಿದ್ದೇನೆ, ಆದ್ದರಿಂದ ನಡೆಯುವುದು ಎಂದರೆ ಏನೆಂದೇ ಈಗ ನನಗೆ ತಿಳಿಯುತ್ತಿಲ್ಲ.

ಹೌದು, ಕತ್ತಲಾಗುತ್ತಿದೆ. ನಾನು ಅವತ್ತಿನ ದಿನದಿಂದ ಮೋಡ ನೋಡುವುದನ್ನು ಬಿಟ್ಟಿದ್ದೇನೆ, ನಿಮ್ಮ ಮುಖ ನೋಡಿ ತಿಳಿಯಬೇಕಾಗಿದೆ. ಹಿಂದಿನ ಸಾಲಿನಲ್ಲಿ ಎದ್ದು ಬೆನ್ನು ಬಗ್ಗಿಸಿಕೊಂಡು ಜಾರಿಕೊಳ್ಳುತ್ತಿರುವ ತಾಯಂದಿರೇ, ನಾಚಿಕೊಳ್ಳಬೇಡಿ, ನನ್ನ ಮಾತು ಬೇಸರವಾಗಿ ಎದ್ದಿರಿ ಎಂದು ನಾನು ತಿಳಿಯುವುದಿಲ್ಲ. ಇದು ಹೊಸ ರಸವನ್ನು ಬಿಸಿಲಿಗಿಡುವ ಕಾಲ. ಬೆಳಿಗ್ಗೆ ಹೂ ಚುಚ್ಚಿಸಿಕೊಳ್ಳುವ ಅವಸರದಲ್ಲಿ ಎಲ್ಲ ತೆರೆದಿಟ್ಟು ಬಂದಿದ್ದೀರಿ. ಕುಳಿತವರೂ ಹೋಗಿ. ನೋಡಿ, ಕುಳಿತಲ್ಲೇ ನಿಮ್ಮ ಕೈಗಳು ಆಡುತ್ತಿವೆ. ಮೂರನೇ ಸಾಲಿನ ತಾಯಿ, ಆ ಕೈಯನ್ನು ಇನ್ನೊಮ್ಮೆ ಹಾಗೆ ಮಾಡಿ. ಅಗಲಿಸಿ, ಹಿಡಿದು, ಇಳಿಸಿ. ಹೌದು, ಹಾಗೆಯೇ. ಸಾಕು.

ಊಟ ಆಮೇಲೆ ಬಂದು ಮಾಡಬಹುದು. ಮೊದಲು ಹೋಗಿ ಮುಚ್ಚಿ ಬನ್ನಿ.

ನೀವು ಏಳಬೇಡಿ ಬೊಂಗ್‌ನಿಮ್. ನಿಮ್ಮ ಅಂಗಳದ ಭರಣಿಯಲ್ಲಿ ಗೌರಿ ಹೂವಿನ ಸಸಿಗಳಿವೆ, ಅವಕ್ಕೆ ಮಳೆ ಬೇಕು. ಅದರ ಮುಚ್ಚಳ ನಮ್ಮ ಕೊಟ್ಟಿಗೆಯಲ್ಲಿದೆ, ಒಂದು ಚೂರೂ ಏಟಾಗಿಲ್ಲ. ನಾನು ಹೋಗಿ ಮುಚ್ಚಬೇಕಾದದ್ದು ಏನೂ ಇಲ್ಲ, ಆದ್ದರಿಂದ ನಾನು ಇಲ್ಲೇ ಇರುತ್ತೇನೆ.

ಈ ಫಲಕಕ್ಕಾಗಿ ಮುಖ್ಯಾಧಿಕಾರಿಗಳಿಗೆ, ಸಂಘದವರಿಗೆ, ಓಡುತ್ತಿರುವವರಿಗೆ, ಖಾಲಿ ಕುರ್ಚಿಗಳಿಗೆ, ಉಳಿದುಕೊಂಡು ಕೇಳುತ್ತಿರುವ ನಾಮ್‌ಗುಂಗ್ ಅಣ್ಣನಿಗೆ ವಂದನೆಗಳು.

ನಮಸ್ಕಾರ.